ಕೆರೆಯ ಕೊಡಗೆಯಿಂದ ಗಾಳಿಯಂತ್ರದವರೆಗೆ: ತೆರಿಗೆ ರಿಯಾಯಿತಿ ಮತ್ತು ಪರಿಸರಧರ್ಮ

ಪರಿಸರಕ್ಕೆ ಹಿತವಾಗುವಂತೆ ಉದ್ಯಮ ನಡೆಸುವವರಿಗೆ ಸರ್ಕಾರವು ತೆರಿಗೆಯಲ್ಲಿ ರಿಯಾಯಿತಿ ತೋರುವುದು ಈಗ ಅಪರೂಪದ ಸಂಗತಿಯಲ್ಲ. ಗಾಳಿಯಿಂದಲೋ ಸೂರ್ಯನ ಬಿಸಿಲಿನಿಂದಲೋ ವಿದ್ಯುತ್ತನ್ನು ಪಡೆಯುವ ಕಾರ್ಖಾನೆಗೆ, ಕೊಳೆನೀರನ್ನು ಶುದ್ಧೀಕರಿಸುವ ಯಂತ್ರವನ್ನು ಹೂಡುವ ಗಿರಣಿಗೆ ಬಗೆಬಗೆಯ ವಿನಾಯಿತಿಗಳು ಅನೇಕ ದೇಶಗಳ ಕಾನೂನಿನಲ್ಲಿ ಸೇರಿವೆ. ವ್ಯಾಪಾರೋದ್ಯಮಗಳನ್ನೇ ಜೀವನಾಧಾರವಾಗಿ ಉಳ್ಳ ಕುಟುಂಬಗಳಲ್ಲಿ ಮಾರ್ಚ್ ತಿಂಗಳು ಸಮೀಪಿಸಿತೆಂದರೆ ಲೆಕ್ಕಪರಿಶೋಧಕರು ಈ ವಿನಾಯಿತಿಗಳ ಪಟ್ಟಿಯನ್ನು ಮುಂದಿಡುವುದೂ ವಾಡಿಕೆಯೇ. ಆದರೆ ಈ ರಿಯಾಯಿತಿಯ ಒಡಲಲ್ಲಿರುವ ನೈತಿಕ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ತೆರಿಗೆ ಉಳಿಯಲೆಂದು ಮಾಡಿದ ಒಳ್ಳೆಯ ಕೆಲಸ ಒಳ್ಳೆಯ ಕೆಲಸವೆನಿಸುವುದೇ? ರಾಜ್ಯವು ಬಿಟ್ಟುಕೊಟ್ಟ ಹಣ ಯಾರದು? ಅದನ್ನು ಪಡೆದವನ ಮೇಲೆ ಯಾವ ಹೊಣೆ ಬೀಳುತ್ತದೆ? ಈ ಪ್ರಶ್ನೆಗಳಿಗೆ ಕೇವಲ ತರ್ಕದಿಂದ ಉತ್ತರ ಹುಡುಕುವುದಕ್ಕಿಂತ ಇತಿಹಾಸವನ್ನು ಕೇಳುವುದು ಲೇಸು. ಏಕೆಂದರೆ ಈ ಪ್ರಯೋಗವನ್ನು ನಮ್ಮ ಪೂರ್ವಿಕರೂ ಮಾಡಿದ್ದಾರೆ; ಇಪ್ಪತ್ತನೆಯ ಶತಮಾನದ ರಾಷ್ಟ್ರಗಳೂ ಮಾಡಿವೆ; ಎರಡರ ಫಲವೂ ನಮ್ಮ ಕಣ್ಣಮುಂದಿದೆ.

ಕೆರೆ ಕಟ್ಟಿದವನಿಗೆ ಕೊಟ್ಟ ಮಾನ್ಯ

ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆ, ದಸವಂದ ಎಂಬ ಪದಗಳು ಪರಿಚಿತವಾಗಿವೆ. ಇವೆಲ್ಲವೂ ಕೆರೆಗೆ ಸಂಬಂಧಿಸಿದ ಮಾತುಗಳು. ಕೆರೆಯನ್ನು ಹೊಸದಾಗಿ ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಕಟ್ಟಿದವನಿಗೆ, ಹೂಳನ್ನು ತೆಗೆಸಿ ತೂಬನ್ನು ಸರಿಪಡಿಸಿದವನಿಗೆ ಅರಸರೂ ಊರ ಮಹಾಜನರೂ ಭೂಮಿಯನ್ನು ತೆರಿಗೆಯಿಲ್ಲದಂತೆಯೋ ಅಲ್ಪ ತೆರಿಗೆಗೋ ಬಿಟ್ಟುಕೊಡುತ್ತಿದ್ದರು. ದಸವಂದವೆಂಬ ಹೆಸರೇ ಹೇಳುವಂತೆ ಹತ್ತನೆಯ ಒಂದು ಪಾಲು ಕೆರೆ ಕಟ್ಟಿದವನಿಗೆ ಸಲ್ಲುವ ಪದ್ಧತಿಯೂ ಇತ್ತು. ಗಂಗರ ಕಾಲದಿಂದ ವಿಜಯನಗರದ ಕಾಲದವರೆಗೆ, ಅಲ್ಲಿಂದ ಮುಂದೆ ಮೈಸೂರು ಸಂಸ್ಥಾನದ ಕಂದಾಯ ದಫ್ತರಗಳವರೆಗೆ ಈ ಸಂಪ್ರದಾಯ ಬೇರೆ ಬೇರೆ ರೂಪಗಳಲ್ಲಿ ಹರಿದುಬಂದಿದೆ.

ಇದನ್ನು ಕೇವಲ ದಾನವೆಂದು ತಿಳಿಯುವುದು ಸರಿಯಲ್ಲ. ಇದೊಂದು ಒಪ್ಪಂದ. ರಾಜ್ಯಕ್ಕೆ ಕೆರೆ ಬೇಕು. ಅದನ್ನು ಕಟ್ಟುವ ಹಣವೂ ಶ್ರಮವೂ ಖಾಸಗಿಯವನದು. ಅವನಿಗೆ ಪ್ರತಿಫಲವಾಗಿ ರಾಜ್ಯವು ತನಗೆ ಬರಬೇಕಾದ ತೆರಿಗೆಯ ಒಂದು ಭಾಗವನ್ನು ಬಿಟ್ಟುಕೊಡುತ್ತದೆ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಸಾಕ್ಷಾತ್ ತೆರಿಗೆ ಪ್ರೋತ್ಸಾಹಕವೇ. ಆದರೆ ಈ ಒಪ್ಪಂದದಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಕೊಡಗೆಯ ಭೂಮಿ ಸಾಮಾನ್ಯವಾಗಿ ಅದೇ ಕೆರೆಯ ಕೆಳಗಿನ ಗದ್ದೆಯಾಗಿರುತ್ತಿತ್ತು. ಕೆರೆಯಲ್ಲಿ ನೀರು ನಿಂತರೆ ಗದ್ದೆ ಬೆಳೆಯುತ್ತದೆ, ಮಾನ್ಯಕ್ಕೆ ಬೆಲೆಯಿರುತ್ತದೆ. ಏರಿ ಒಡೆದರೆ, ಹೂಳು ತುಂಬಿದರೆ, ಊರಿನವರ ಗದ್ದೆಯ ಜೊತೆಗೆ ಕೊಡಗೆಯವನ ಗದ್ದೆಯೂ ಒಣಗುತ್ತದೆ. ತೆರಿಗೆಯಿಲ್ಲವೆಂಬ ಮಾತು ಬರಡು ನೆಲದ ಮೇಲೆ ಉಳಿದು ಪ್ರಯೋಜನವೇನು? ಹೀಗೆ ಪ್ರತಿಫಲವು ಮಾಡಿದ ವೆಚ್ಚಕ್ಕಲ್ಲ, ನಿಂತ ನೀರಿಗೆ ಕಟ್ಟುಬಿದ್ದಿತ್ತು. ಅಧಿಕಾರಿಯೊಬ್ಬನು ಬಂದು ತನಿಖೆ ಮಾಡುವ ಅಗತ್ಯವಿಲ್ಲದೆಯೇ ಕೆರೆಯನ್ನು ಕಾಯುವುದು ಕೊಡಗೆದಾರನ ಸ್ವಹಿತವೇ ಆಗಿತ್ತು.

ಈ ವ್ಯವಸ್ಥೆ ಸರ್ವಥಾ ನಿರ್ದೋಷವಾಗಿತ್ತೆಂದು ಹೇಳಲಾಗದು. ಚಂದ್ರಸೂರ್ಯರಿರುವವರೆಗೆ ಎಂದು ಕೊಟ್ಟ ಮಾನ್ಯಗಳು ತಲೆಮಾರುಗಳು ಕಳೆದಂತೆ ಕೇವಲ ಹಕ್ಕಾಗಿ ಉಳಿದು, ಅದಕ್ಕೆ ಅಂಟಿದ್ದ ಕರ್ತವ್ಯ ಮರೆತುಹೋದ ಉದಾಹರಣೆಗಳೂ ಇವೆ. ಭೂಮಿ ಬೇರೆ ನೀರಿನಾಸರೆಯನ್ನು ಪಡೆದಿದ್ದರಂತೂ ಕೆರೆ ಹಾಳಾದರೂ ಮಾನ್ಯ ಉಳಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇನಾಮುಗಳ ವಿಚಾರಣೆ ನಡೆದಾಗ ಹಕ್ಕಿನ ಆಧಾರದ ಜೊತೆಗೆ, ಸೇವೆಗಾಗಿ ಕೊಟ್ಟ ಭೂಮಿಗಳಲ್ಲಿ ಸೇವೆಯ ಪ್ರಶ್ನೆಯೂ ಎದುರಾಯಿತು. ಕೊನೆಗೆ ಸ್ವಾತಂತ್ರ್ಯಾನಂತರ 1954 ಮತ್ತು 1955ರ ಮೈಸೂರು ಇನಾಮು ರದ್ದಿಯಾತಿ ಕಾಯಿದೆಗಳಿಂದ ಈ ಅಧ್ಯಾಯ ಮುಕ್ತಾಯವಾಯಿತು. ಇನಾಮು ಭೂಮಿಗಳನ್ನು ಕಳೆದುಕೊಂಡ ದೇವಾಲಯ, ಬಸದಿಗಳ ಆಡಳಿತದವರಿಗೆ ಈ ಕಾಯಿದೆಗಳ ನೆನಪು ಇನ್ನೂ ಮಾಸಿರಲಾರದು.

ಆದಾಗ್ಯೂ ಈ ಪ್ರಾಚೀನ ಪದ್ಧತಿಯಿಂದ ಎರಡು ಸೂತ್ರಗಳನ್ನು ನಾವು ಎತ್ತಿಕೊಳ್ಳಬಹುದು. ಪ್ರತಿಫಲವು ಫಲಕ್ಕೆ ಕಟ್ಟುಬಿದ್ದಿರಬೇಕು ಎಂಬುದು ಮೊದಲನೆಯದು. ಕೊಟ್ಟ ಮಾತು ಸ್ಥಿರವಾಗಿರಬೇಕು ಎಂಬುದು ಎರಡನೆಯದು. ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಘೋರ ಪಾಪವನ್ನು ಸಾರುವ ಶಾಪಾಶಯವನ್ನು ಶಾಸನದ ಕೊನೆಯಲ್ಲಿ ಕಂಡರಿಸುತ್ತಿದ್ದುದು ಈ ಎರಡನೆಯ ಸೂತ್ರದ ರಕ್ಷಣೆಗಾಗಿಯೇ. ಮುಂದೆ ಹೇಳಲಿರುವ ಆಧುನಿಕ ಇತಿಹಾಸವನ್ನು ಈ ಎರಡು ಸೂತ್ರಗಳ ಒರೆಗಲ್ಲಿಗೆ ಹಚ್ಚಿ ನೋಡೋಣ.

ನಿಷೇಧ, ದಂಡ, ಪುರಸ್ಕಾರ

ಪರಿಸರಕ್ಕೆ ಹಾನಿಯಾಗದಂತೆ ವ್ಯಾಪಾರವನ್ನು ಹದ್ದುಬಸ್ತಿನಲ್ಲಿಡಲು ಮೂರು ದಾರಿಗಳಿವೆ. ಮೊದಲನೆಯದು ನಿಷೇಧ. ಶ್ರಾವಕಾಚಾರದಲ್ಲಿ ಹೇಳಿರುವ ಹದಿನೈದು ಖರಕರ್ಮಗಳ ಪಟ್ಟಿ ಈ ದಾರಿಗೆ ಸೇರಿದ್ದು. ಇದ್ದಿಲು ಸುಡುವುದು, ಕಾಡನ್ನು ಕಡಿದು ಮಾರುವುದು, ಕಾಡಿಗೆ ಬೆಂಕಿಯಿಡುವುದು, ಕೆರೆ ಕೊಳಗಳನ್ನು ಬತ್ತಿಸುವುದು ಮುಂತಾದ ಜೀವಿಕೆಗಳನ್ನು ಶ್ರಾವಕನು ತ್ಯಜಿಸಬೇಕೆಂದು ಅಲ್ಲಿ ವಿಧಿಸಲಾಗಿದೆ. ಇದು ರಾಜಾಜ್ಞೆಯಲ್ಲ, ವ್ರತ. ಇಲ್ಲಿ ಪ್ರತಿಫಲದ ಮಾತೇ ಇಲ್ಲ.

ಎರಡನೆಯ ಮತ್ತು ಮೂರನೆಯ ದಾರಿಗಳು ರಾಜ್ಯಕ್ಕೆ ಸೇರಿದವು. ಕೇಂಬ್ರಿಡ್ಜಿನ ಅರ್ಥಶಾಸ್ತ್ರಜ್ಞ ಆರ್ಥರ್ ಸೆಸಿಲ್ ಪಿಗೂ 1920ರಲ್ಲಿ ಪ್ರಕಟಿಸಿದ ‘ದಿ ಎಕನಾಮಿಕ್ಸ್ ಆಫ್ ವೆಲ್‌ಫೇರ್’ ಗ್ರಂಥದಲ್ಲಿ ಇವುಗಳಿಗೆ ಶಾಸ್ತ್ರೀಯ ಆಧಾರವನ್ನು ಒದಗಿಸಿದನು. ಕಾರ್ಖಾನೆಯ ಹೊಗೆ ಊರಿನವರ ಬಟ್ಟೆಯನ್ನೂ ಗೋಡೆಯನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ. ಆದರೆ ಆ ನಷ್ಟ ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ. ಅದೇ ರೀತಿ ಒಬ್ಬನು ಬೆಳೆಸಿದ ಕಾಡಿನಿಂದ ನೆರೆಯವರಿಗೂ ಲಾಭವಿದೆ. ಆ ಲಾಭಕ್ಕೆ ಯಾರೂ ಅವನಿಗೆ ಹಣ ತೆರುವುದಿಲ್ಲ. ಆದ್ದರಿಂದ ಮೊದಲನೆಯವನಿಗೆ ತೆರಿಗೆಯನ್ನೂ ಎರಡನೆಯವನಿಗೆ ಪ್ರೋತ್ಸಾಹಧನವನ್ನೂ ವಿಧಿಸಿ ಖಾಸಗಿ ಲೆಕ್ಕವನ್ನು ಸಮಾಜದ ಲೆಕ್ಕಕ್ಕೆ ಸರಿದೂಗಿಸಬೇಕೆಂಬುದು ಅವನ ವಾದದ ತಿರುಳು.

ಇವೆರಡರಲ್ಲಿ ದಂಡರೂಪದ ತೆರಿಗೆ ಅಪ್ರಿಯವಾದದ್ದು, ಪುರಸ್ಕಾರ ಜನಪ್ರಿಯವಾದದ್ದು. ಆದಕಾರಣ ಆಳುವವರು ಎರಡನೆಯದರ ಕಡೆಗೆ ಹೆಚ್ಚು ಒಲಿದದ್ದು ಆಶ್ಚರ್ಯವಲ್ಲ. ಆದರೆ ಪುರಸ್ಕಾರವೂ ಪುಕ್ಕಟೆಯಲ್ಲ. ಒಬ್ಬನಿಗೆ ಬಿಟ್ಟ ತೆರಿಗೆಯನ್ನು ಮತ್ತೊಬ್ಬನು ತುಂಬಿಕೊಡಬೇಕು, ಇಲ್ಲವೇ ಯಾವುದೋ ಶಾಲೆ, ಯಾವುದೋ ಆಸ್ಪತ್ರೆ ಅಷ್ಟರಮಟ್ಟಿಗೆ ಕಾಯಬೇಕು.

ಕ್ಯಾಲಿಫೋರ್ನಿಯದ ಪಾಠ

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜಿಗೆ ತಡೆ ಹಾಕಿದಾಗ, ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಗಾಳಿ, ಬಿಸಿಲುಗಳ ಕಡೆಗೆ ಕೈಗಾರಿಕಾ ರಾಷ್ಟ್ರಗಳು ಕಣ್ಣು ತೆರೆದದ್ದು ಆಗ. ಅಮೆರಿಕವು 1978ರಲ್ಲಿ ಶಕ್ತಿ ತೆರಿಗೆ ಕಾಯಿದೆಯನ್ನು ಮಾಡಿ, ಗಾಳಿಯಂತ್ರದಲ್ಲಿ ಹಣ ಹೂಡಿದವರಿಗೆ ಆದಾಯ ತೆರಿಗೆಯಲ್ಲಿ ಕಡಿತವನ್ನು ಘೋಷಿಸಿತು. 1980ರ ದಶಕದ ಆರಂಭಕ್ಕೆ ಸಾಮಾನ್ಯ ಹೂಡಿಕೆಗಿದ್ದ ಶೇ. 10 ಮತ್ತು ಶಕ್ತಿ ಹೂಡಿಕೆಗೆಂದು ಶೇ. 15 ಸೇರಿ ಕೇಂದ್ರದಿಂದ ಶೇ. 25, ಅದರ ಮೇಲೆ ಕ್ಯಾಲಿಫೋರ್ನಿಯ ರಾಜ್ಯದಿಂದ ಇನ್ನೊಂದು ಶೇ. 25. ಅಂದರೆ ಹೂಡಿದ ಹಣದ ಸುಮಾರು ಅರ್ಧ ಭಾಗ ತೆರಿಗೆಯ ಲೆಕ್ಕದಲ್ಲಿಯೇ ಹಿಂತಿರುಗುವ ವ್ಯವಸ್ಥೆಯಾಯಿತು.

ಪರಿಣಾಮವಾಗಿ ಆಲ್ಟಮಾಂಟ್, ಟೆಹಾಚಪಿ, ಸ್ಯಾನ್ ಗೊರ್ಗೋನಿಯೊ ಎಂಬ ಮೂರು ಕಣಿವೆಗಳಲ್ಲಿ ಕೆಲವೇ ವರ್ಷಗಳಲ್ಲಿ ಸಾವಿರಾರು ಯಂತ್ರಗಳು ಎದ್ದು ನಿಂತವು. ಪ್ರಪಂಚದ ಗಾಳಿವಿದ್ಯುತ್ತಿನ ಬಹುಭಾಗ ಆಗ ಅಲ್ಲಿಯೇ ಇತ್ತು. ಆದರೆ ಹಣ ಹೂಡಿದವರಲ್ಲಿ ಅನೇಕರು ಗಾಳಿಯನ್ನಾಗಲಿ ಯಂತ್ರವನ್ನಾಗಲಿ ಬಲ್ಲವರಾಗಿರಲಿಲ್ಲ. ಅಧಿಕ ತೆರಿಗೆ ತೆರಬೇಕಾಗಿದ್ದ ವೈದ್ಯರು, ವಕೀಲರು, ವ್ಯಾಪಾರಿಗಳು ಡಿಸೆಂಬರ್ ಮುಗಿಯುವುದರೊಳಗೆ ಹಣ ತೊಡಗಿಸಿ ಕಡಿತ ಪಡೆದರು. ಕಡಿತ ದೊರೆಯುತ್ತಿದ್ದುದು ಯಂತ್ರದ ಬೆಲೆಯ ಮೇಲೆ. ಅದು ತಿರುಗಿತೇ ಇಲ್ಲವೇ ಎಂಬುದರ ಮೇಲಲ್ಲ. ಅವಸರದಲ್ಲಿ ತಯಾರಾದ, ಸಾಕಷ್ಟು ಪರೀಕ್ಷೆಗೊಳಗಾಗದ ಯಂತ್ರಗಳ ರೆಕ್ಕೆಗಳು ಮುರಿದವು, ಹಲವು ಕೆಟ್ಟು ನಿಂತವು. 1985ರ ಅಂತ್ಯಕ್ಕೆ ಕೇಂದ್ರದ ಶಕ್ತಿ ಕಡಿತ ಮುಗಿಯಿತು. ಅದರ ಹಿಂದೆಯೇ ರಾಜ್ಯದ್ದೂ ಮುಗಿಯಿತು. ಉದ್ಯಮವೇ ಕುಸಿಯಿತು.

ಇದೇ ಕಾಲದಲ್ಲಿ ಡೆನ್ಮಾರ್ಕ್ ಎಂಬ ಪುಟ್ಟ ದೇಶ ಬೇರೊಂದು ದಾರಿ ಹಿಡಿಯಿತು. 1979ರಲ್ಲಿ ಅಲ್ಲಿಯೂ ಸರ್ಕಾರ ಯಂತ್ರದ ಬೆಲೆಯ ಶೇ. 30ರಷ್ಟು ಸಹಾಯಧನ ನೀಡತೊಡಗಿತು. ಆದರೆ ರಿಸೊ ಎಂಬಲ್ಲಿನ ಪರೀಕ್ಷಣಾ ಕೇಂದ್ರವು ಒಪ್ಪಿದ ಯಂತ್ರಕ್ಕೆ ಮಾತ್ರ ಆ ಹಣ. ಮೇಲಾಗಿ ಅಲ್ಲಿ ಯಂತ್ರಗಳನ್ನು ಕೊಂಡವರಲ್ಲಿ ಬಹಳ ಮಂದಿ ನೆರೆಹೊರೆಯ ರೈತರು, ಸಹಕಾರಿ ಕೂಟಗಳ ಸದಸ್ಯರು. ತಮ್ಮ ಊರಿನಲ್ಲೇ ನಿಂತ ಯಂತ್ರ ಕೆಟ್ಟರೆ ಮರುದಿನವೇ ಅವರಿಗೆ ಗೊತ್ತಾಗುತ್ತಿತ್ತು. ಸಹಾಯಧನವನ್ನು ಕ್ರಮೇಣ ಇಳಿಸುತ್ತ ಬಂದು 1989ರಲ್ಲಿ ನಿಲ್ಲಿಸಲಾಯಿತು. ಅಷ್ಟರಲ್ಲಿ ಯಂತ್ರಗಳು ಗಟ್ಟಿಯಾಗಿದ್ದವು. ಕ್ಯಾಲಿಫೋರ್ನಿಯದಲ್ಲಿಯೂ ಬಾಳಿ ಉಳಿದವುಗಳಲ್ಲಿ ಡೆನ್ಮಾರ್ಕಿನ ಯಂತ್ರಗಳೇ ಹೆಚ್ಚು. ಊರ ಕೆರೆಯ ಕೆಳಗೆ ಗದ್ದೆಯಿದ್ದ ನಮ್ಮ ಕೊಡಗೆದಾರನನ್ನು ಈ ರೈತರು ನೆನಪಿಗೆ ತರುತ್ತಾರೆ.

ಅಮೆರಿಕವೂ ಪಾಠ ಕಲಿಯಿತು. 1992ರ ಶಕ್ತಿ ನೀತಿ ಕಾಯಿದೆಯು ಯಂತ್ರದ ಬೆಲೆಯ ಬದಲು ಉತ್ಪಾದನೆಯಾಗಿ ಮಾರಾಟವಾದ ಪ್ರತಿಯೊಂದು ಯೂನಿಟ್ ವಿದ್ಯುತ್ತಿಗೆ ಒಂದೂವರೆ ಸೆಂಟಿನಂತೆ ಹತ್ತು ವರ್ಷಗಳ ಕಾಲ ತೆರಿಗೆ ಕಡಿತವನ್ನು ಗೊತ್ತುಮಾಡಿತು. ಮೊದಲನೆಯ ಸೂತ್ರ ಹೀಗೆ ಸಿದ್ಧಿಸಿತು. ಆದರೆ ಎರಡನೆಯದು ಸಿದ್ಧಿಸಲಿಲ್ಲ. ಹೊಸ ಯಂತ್ರಗಳಿಗೆ ಈ ಸೌಲಭ್ಯ 1999ರಲ್ಲಿ, 2001ರಲ್ಲಿ, 2003ರಲ್ಲಿ ಅವಧಿ ಮುಗಿದು ನಿಂತಿತು, ಮತ್ತೆ ಜೀವ ಪಡೆಯಿತು. ಪ್ರತಿಬಾರಿಯೂ ಮರುವರ್ಷ ಹೊಸ ಯಂತ್ರಗಳ ಸಂಖ್ಯೆ ನೆಲಕಚ್ಚಿತು. 2022ರಲ್ಲಿ ಬಹಳ ವಿಸ್ತಾರವಾಗಿ ಘೋಷಿಸಿದ ಸೌಲಭ್ಯಗಳನ್ನು 2025ರ ಜುಲೈ ತಿಂಗಳ ಕಾನೂನು ಮೊಟಕುಗೊಳಿಸಿತು. ಚಂದ್ರಸೂರ್ಯರಿರುವವರೆಗೆ ಎನ್ನುವುದು ಅತಿಯಾದರೆ, ಮುಂದಿನ ಚುನಾವಣೆಯವರೆಗೆ ಎನ್ನುವುದು ಇನ್ನೊಂದು ಅತಿ.

ನಮ್ಮ ದೇಶದ ಅನುಭವ

ಭಾರತದಲ್ಲಿ ಗಾಳಿವಿದ್ಯುತ್ತಿನ ಪ್ರಾಯೋಗಿಕ ಕೇಂದ್ರಗಳು 1986ರ ಸುಮಾರಿಗೆ ಗುಜರಾತ್, ಮಹಾರಾಷ್ಟ್ರ, ತಮಿಳುನಾಡುಗಳ ಕರಾವಳಿ ಪ್ರದೇಶಗಳಲ್ಲಿ ಆರಂಭವಾದವು. ಆಗಿನವು 55 ಕಿಲೋವಾಟ್ ಸಾಮರ್ಥ್ಯದ ಚಿಕ್ಕ ಯಂತ್ರಗಳು. 1987ರಲ್ಲಿ ಸಾಲ ನೀಡುವುದಕ್ಕೆಂದು ಪ್ರತ್ಯೇಕ ಸಂಸ್ಥೆಯೂ 1992ರಲ್ಲಿ ಅಸಾಂಪ್ರದಾಯಿಕ ಇಂಧನ ಮೂಲಗಳ ಸಚಿವಾಲಯವೂ ಹುಟ್ಟಿದವು. ಆದರೆ ಖಾಸಗಿಯವರನ್ನು ಈ ಕ್ಷೇತ್ರಕ್ಕೆ ಸೆಳೆದದ್ದು ಮುಖ್ಯವಾಗಿ ಆದಾಯ ತೆರಿಗೆಯ ಒಂದು ನಿಯಮ. ಅದೇ ಸವಕಳಿಯ ನಿಯಮ.

ಯಂತ್ರವೊಂದು ವರ್ಷ ವರ್ಷಕ್ಕೂ ಸವೆಯುತ್ತದೆ. ಆ ಸವಕಳಿಯನ್ನು ಖರ್ಚೆಂದು ಬಗೆದು ಲಾಭದಿಂದ ಕಳೆಯಲು ಕಾನೂನು ಅವಕಾಶ ಕೊಡುತ್ತದೆ. ಸಾಮಾನ್ಯ ಯಂತ್ರಗಳಿಗೆ ಇದು ಹಲವು ವರ್ಷಗಳಲ್ಲಿ ಹರಡಿಕೊಳ್ಳುತ್ತದೆ. 1990ರ ದಶಕದಲ್ಲಿ ಗಾಳಿಯಂತ್ರಗಳಿಗೆ ಮೊದಲ ವರ್ಷವೇ ಶೇ. 100ರಷ್ಟು ಸವಕಳಿಗೆ ಅವಕಾಶವಿತ್ತು. ಉದಾಹರಣೆಗೆ ಒಂದು ಕೋಟಿ ರೂಪಾಯಿಯ ಯಂತ್ರವನ್ನು ಕೊಂಡ ಕಂಪನಿಯು ತನ್ನ ಬೇರೆ ವ್ಯಾಪಾರದ ಲಾಭದಿಂದಲೇ ಆ ಕೋಟಿಯನ್ನು ಕಳೆಯಬಹುದಾಗಿತ್ತು. 1994ರ ಮುಂಗಡಪತ್ರದ ನಂತರ ಕಂಪನಿಗಳ ತೆರಿಗೆ ಮೇಲ್ತೆರಿಗೆಯೂ ಸೇರಿ ಶೇ. 46ರಷ್ಟಿತ್ತು. ಎಂದರೆ ಆ ವರ್ಷ 46 ಲಕ್ಷ ರೂಪಾಯಿಯ ತೆರಿಗೆ ಕೈಯಲ್ಲೇ ಉಳಿಯುತ್ತಿತ್ತು. ಇದು ಶಾಶ್ವತವಾದ ಮಾಫಿಯಲ್ಲ ಎಂಬುದನ್ನೂ ಹೇಳಬೇಕು. ಮುಂದಿನ ವರ್ಷಗಳಲ್ಲಿ ಆ ಯಂತ್ರಕ್ಕೆ ಸವಕಳಿ ಉಳಿಯದುದರಿಂದ ವಿದ್ಯುತ್ತಿನಿಂದ ಬಂದ ಲಾಭಕ್ಕೆ ತೆರಿಗೆ ಬೀಳುತ್ತಿತ್ತು. ಸಾರಾಂಶದಲ್ಲಿ ಇದು ಬಡ್ಡಿಯಿಲ್ಲದೆ ಜನತೆಯಿಂದ ಪಡೆದ ಸಾಲ. ಯಂತ್ರ ಚೆನ್ನಾಗಿ ತಿರುಗಿ ಲಾಭ ತಂದರೆ ಸಾಲ ಹಿಂತಿರುಗುತ್ತದೆ. ತಿರುಗದೆ ನಿಂತರೆ ಹಿಂತಿರುಗುವುದೇ ಇಲ್ಲ. ಈ ಒಂದು ಮಾತಿನಲ್ಲಿ ಇಡೀ ನೈತಿಕ ಪ್ರಶ್ನೆ ಅಡಗಿದೆ.

ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ಮುಪ್ಪಂದಲ್, ಅದರ ಉತ್ತರಕ್ಕಿರುವ ಕಯತ್ತಾರು, ಪಾಲಕ್ಕಾಡು ಕಣಿವೆಯ ಗಾಳಿ ಬೀಸುವ ಉಡುಮಲಪೇಟೆಯ ಬಯಲುಗಳಲ್ಲಿ ಯಂತ್ರಗಳ ಕಾಡೇ ಬೆಳೆಯಿತು. 1995–96ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 380 ಮೆಗಾವಾಟ್ ಸಾಮರ್ಥ್ಯ ಸೇರ್ಪಡೆಯಾಯಿತು. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಕಾಲ ಬಳಸಿದ ಯಂತ್ರಕ್ಕೆ ಅರ್ಧ ಸವಕಳಿ ಮಾತ್ರ ಎಂಬ ನಿಯಮವಿದ್ದುದರಿಂದ ಸೆಪ್ಟೆಂಬರ್ ಕೊನೆಗೊಮ್ಮೆ, ಮಾರ್ಚ್ ಕೊನೆಗೊಮ್ಮೆ ಯಂತ್ರ ನಿಲ್ಲಿಸುವ ಧಾವಂತ ಏಳುತ್ತಿತ್ತು. ದಕ್ಷಿಣದ ಗಾಳಿ ಬೀಸುವ ಕಾಲ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ. ಗಾಳಿಯ ಪಂಚಾಂಗ ಒಂದಾದರೆ ತೆರಿಗೆಯ ಪಂಚಾಂಗ ಇನ್ನೊಂದು. ಯಂತ್ರಗಳು ಎರಡನೆಯದನ್ನು ಅನುಸರಿಸಿದವು.

ಈ ಕೊಳ್ಳುವವರಲ್ಲಿ ಎರಡು ವರ್ಗಗಳಿದ್ದುವು. ಕೊಯಮತ್ತೂರು ಸೀಮೆಯ ನೂಲಿನ ಗಿರಣಿಗಳಂಥ ಉದ್ಯಮಗಳಿಗೆ ವಿದ್ಯುತ್ತೇ ಬೇಕಾಗಿತ್ತು. ತಮ್ಮ ಯಂತ್ರದಿಂದ ಹುಟ್ಟಿದ ವಿದ್ಯುತ್ತನ್ನು ಮಂಡಳಿಯ ತಂತಿಗಳ ಮೂಲಕ ತಮ್ಮ ಗಿರಣಿಗೇ ತರಿಸಿಕೊಳ್ಳುವ ಅನುಕೂಲ ಅವರಿಗಿತ್ತು. ಯಂತ್ರ ನಿಂತರೆ ಅವರ ಕದಿರೂ ನಿಲ್ಲುವ ಭಯವಿತ್ತು. ಆದ್ದರಿಂದ ಅವರು ಯಂತ್ರವನ್ನು ಕಾಯ್ದರು. ಮತ್ತೊಂದು ವರ್ಗಕ್ಕೆ ಬೇಕಾಗಿದ್ದುದು ಸವಕಳಿ ಮಾತ್ರ. ಗಾಳಿಯ ವೇಗವನ್ನು ಸರಿಯಾಗಿ ಅಳೆಯದೆ, ಒಂದರ ಗಾಳಿಯನ್ನು ಇನ್ನೊಂದು ಮರೆಮಾಡುವಷ್ಟು ಹತ್ತಿರ ಹತ್ತಿರ, ದುರ್ಬಲವಾದ ವಿದ್ಯುತ್ ಜಾಲದ ತುದಿಯಲ್ಲಿ ನಿಲ್ಲಿಸಿದ ಯಂತ್ರಗಳು ನಿರೀಕ್ಷಿತ ವಿದ್ಯುತ್ತನ್ನು ಕೊಡಲಿಲ್ಲ. ದೋಷವನ್ನು ಮನಗಂಡ ಸಚಿವಾಲಯವು 1995ರಲ್ಲಿ ಸ್ಥಳ ಪರಿಶೀಲನೆ, ಯಂತ್ರದ ಪ್ರಮಾಣಪತ್ರ ಮುಂತಾದವುಗಳಿಗೆ ಮಾರ್ಗಸೂಚಿಗಳನ್ನು ಹೊರಡಿಸಿತು. 1998ರಲ್ಲಿ ಚೆನ್ನೈಯಲ್ಲಿ ಗಾಳಿಶಕ್ತಿ ತಂತ್ರಜ್ಞಾನ ಕೇಂದ್ರ ಸ್ಥಾಪಿತವಾಯಿತು. ಡೆನ್ಮಾರ್ಕ್ ಮೊದಲಿಗೆ ಮಾಡಿದ ಕೆಲಸವನ್ನು ನಾವು ನಂತರ ಮಾಡಿದೆವು.

ಅಷ್ಟರಲ್ಲಿ ತೆರಿಗೆಯ ಗಾಳಿಯೇ ತಿರುಗಿತ್ತು. 1996ರಲ್ಲಿ ಕನಿಷ್ಠ ಪರ್ಯಾಯ ತೆರಿಗೆ ಬಂದಿತು. 1997ರಲ್ಲಿ ಕಂಪನಿಗಳ ತೆರಿಗೆ ಶೇ. 35ಕ್ಕೆ ಇಳಿಯಿತು. ಸವಕಳಿಯ ಆಕರ್ಷಣೆ ಕುಗ್ಗಿದೊಡನೆ ಹೊಸ ಯಂತ್ರಗಳ ಸೇರ್ಪಡೆ 1997–98ರಲ್ಲಿ ನೂರು ಮೆಗಾವಾಟಿಗಿಂತ ಕೆಳಗೆ ಬಿದ್ದಿತು. ಮುಪ್ಪಂದಲಿನಲ್ಲಿ ಬೀಸುವ ಗಾಳಿಯಲ್ಲಿ ಆ ಎರಡು ವರ್ಷಗಳಲ್ಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ.

2002ರಿಂದ ಸವಕಳಿಯ ದರ ಶೇ. 80ಕ್ಕಿಳಿಯಿತು. 2009ರ ಡಿಸೆಂಬರಿನಲ್ಲಿ ಸರ್ಕಾರವು ಉತ್ಪಾದನೆಯಾಧಾರಿತ ಪ್ರೋತ್ಸಾಹಧನವನ್ನು ಜಾರಿಗೆ ತಂದಿತು. ಜಾಲಕ್ಕೆ ಹರಿಸಿದ ಪ್ರತಿ ಯೂನಿಟಿಗೆ 50 ಪೈಸೆ, ಪ್ರತಿ ಮೆಗಾವಾಟಿಗೆ ಗರಿಷ್ಠ 62 ಲಕ್ಷ ರೂಪಾಯಿ. ತ್ವರಿತ ಸವಕಳಿ ಪಡೆದವರಿಗೆ ಇದಿಲ್ಲ, ಇದನ್ನು ಪಡೆದವರಿಗೆ ಅದಿಲ್ಲ. ಕೆರೆಯ ಕೊಡಗೆಯ ಸೂತ್ರ ಹೀಗೆ ನಮ್ಮ ದೇಶದಲ್ಲಿ ಮರಳಿ ಕಾಣಿಸಿಕೊಂಡಿತು. ಆದರೆ ಸ್ಥಿರತೆಯ ಸೂತ್ರ ಇಲ್ಲಿಯೂ ಮುರಿಯಿತು. 2012ರ ಮಾರ್ಚ್ ಕೊನೆಗೆ ಎರಡು ಸೌಲಭ್ಯಗಳೂ ನಿಂತವು. 2011–12ರಲ್ಲಿ ಸುಮಾರು 3,200 ಮೆಗಾವಾಟ್ ಇದ್ದ ಸೇರ್ಪಡೆ ಮರುವರ್ಷ ಸುಮಾರು 1,700ಕ್ಕೆ ಇಳಿಯಿತು. 2013ರಲ್ಲಿ ಪ್ರೋತ್ಸಾಹಧನವೂ 2014ರಲ್ಲಿ ಸವಕಳಿಯೂ ಮರಳಿದವು. 2017ರ ಏಪ್ರಿಲಿನಿಂದ ಸವಕಳಿಯ ಮಿತಿ ಶೇ. 40ಕ್ಕೆ ಬಂದಿತು, ಪ್ರೋತ್ಸಾಹಧನ ಹೊಸಬರಿಗೆ ಮುಗಿಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ನಡೆದ ಮೊದಲ ಹರಾಜಿನಲ್ಲಿ ಗಾಳಿವಿದ್ಯುತ್ತಿನ ಬೆಲೆ ಯೂನಿಟಿಗೆ 3 ರೂಪಾಯಿ 46 ಪೈಸೆಗೆ ಇಳಿದಿತ್ತು.

ಇಷ್ಟೆಲ್ಲ ದೋಷಗಳನ್ನು ಹೇಳಿದ ಮೇಲೆ ನ್ಯಾಯದ ಇನ್ನೊಂದು ಮುಖವನ್ನೂ ನೋಡಬೇಕು. ಆ ರಿಯಾಯಿತಿಗಳು ಇಲ್ಲದಿದ್ದರೆ ದುಬಾರಿಯಾಗಿದ್ದ ಆ ಯಂತ್ರಗಳನ್ನು ಆರಂಭದಲ್ಲಿ ಕೊಳ್ಳುವವರೇ ಇರುತ್ತಿರಲಿಲ್ಲ. ಯಂತ್ರಗಳು ಇಲ್ಲಿ ತಯಾರಾಗುತ್ತಲೂ ಇರಲಿಲ್ಲ. 2025ರ ಮಾರ್ಚ್ ಅಂತ್ಯಕ್ಕೆ ದೇಶದ ಗಾಳಿವಿದ್ಯುತ್ ಸಾಮರ್ಥ್ಯ 50,000 ಮೆಗಾವಾಟನ್ನು ದಾಟಿತು. ಆ ಆರ್ಥಿಕ ವರ್ಷದಲ್ಲಿ ಎಲ್ಲ ರಾಜ್ಯಗಳಿಗಿಂತ ಹೆಚ್ಚಾಗಿ, 1,300 ಮೆಗಾವಾಟಿಗೂ ಮಿಕ್ಕಿ ಸೇರಿಸಿದ್ದು ಕರ್ನಾಟಕವೇ. ಚಿತ್ರದುರ್ಗದ ಗುಡ್ಡಗಳಲ್ಲಿ, ಗದಗಿನ ಬಯಲುಗಳಲ್ಲಿ ತಿರುಗುವ ರೆಕ್ಕೆಗಳ ಹಿಂದೆ ಮುಪ್ಪಂದಲಿನ ತಪ್ಪು–ಒಪ್ಪುಗಳೆರಡೂ ಇವೆ.

ದಂಡರೂಪದ ದಾರಿಯನ್ನೂ ಭಾರತ ತುಳಿಯದೆ ಇರಲಿಲ್ಲ. 2010ರ ಜುಲೈಯಿಂದ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಉಪಕರವನ್ನು ವಿಧಿಸಲಾಯಿತು. 2016ರ ವೇಳೆಗೆ ಅದು 400 ರೂಪಾಯಿಗೆ ಏರಿತು. ಶುದ್ಧ ಇಂಧನದ ನಿಧಿಗೆಂದು ಆರಂಭವಾದ ಈ ಕರ 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ರಾಜ್ಯಗಳ ನಷ್ಟ ತುಂಬುವ ಉಪಕರವಾಗಿ ಮಾರ್ಪಟ್ಟಿತು. ಒಂದು ಉದ್ದೇಶಕ್ಕೆ ಎತ್ತಿದ ಹಣವನ್ನು ಇನ್ನೊಂದಕ್ಕೆ ಸಲ್ಲಿಸುವುದು ತಪ್ಪೆಂದು ದತ್ತಿಗಳ ಆಡಳಿತ ನಡೆಸುವವರಿಗೆ ಬೇರೆ ಹೇಳಬೇಕಾಗಿಲ್ಲ.

ಲೆಕ್ಕಕ್ಕೆ ಬಾರದ ಜೀವಗಳು

ಮುಪ್ಪಂದಲಿನ ಕಥೆ ಹಣದ ನಷ್ಟದ ಕಥೆ. ಆಲ್ಟಮಾಂಟ್ ಕಣಿವೆಯಲ್ಲಿ ಅದಕ್ಕಿಂತ ದೊಡ್ಡ ನಷ್ಟವೊಂದು ಕಂಡುಬಂದಿತು. ಆ ಕಣಿವೆ ಹೊನ್ನಹದ್ದು ಮೊದಲಾದ ಬೇಟೆಹಕ್ಕಿಗಳ ಹಾರುದಾರಿ. ಒತ್ತೊತ್ತಾಗಿ ನಿಲ್ಲಿಸಿದ್ದ, ವೇಗವಾಗಿ ತಿರುಗುವ ಚಿಕ್ಕ ಯಂತ್ರಗಳಿಗೆ ಸಿಕ್ಕಿ ಪ್ರತಿವರ್ಷ ಸಾವಿರಕ್ಕೂ ಮಿಕ್ಕಿ ಪಕ್ಷಿಗಳು ಸಾಯುತ್ತಿದ್ದುವೆಂದು ನಂತರದ ಅಧ್ಯಯನಗಳು ಅಂದಾಜು ಮಾಡಿದವು. ಹಳೆಯ ಯಂತ್ರಗಳನ್ನು ತೆಗೆದು, ಸ್ಥಳವನ್ನು ಪರೀಕ್ಷಿಸಿ, ಕಡಿಮೆ ಸಂಖ್ಯೆಯ ದೊಡ್ಡ ಯಂತ್ರಗಳನ್ನು ನಿಲ್ಲಿಸುವ ಕೆಲಸ ಆಮೇಲೆ ನಡೆಯಿತು. ತೆರಿಗೆಯ ಅವಸರದಲ್ಲಿ ಹೂಡಿದ ಯಂತ್ರಗಳ ಜಾಗವನ್ನು ಆರಿಸುವಾಗ ಹದ್ದುಗಳನ್ನು ಯಾರೂ ಕೇಳಿರಲಿಲ್ಲ.

ನಮ್ಮಲ್ಲಿಯೂ ರಾಜಸ್ಥಾನ, ಗುಜರಾತುಗಳ ಬಯಲುಗಳಲ್ಲಿ ಅಳಿವಿನಂಚಿನಲ್ಲಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಹೆಬ್ಬಕ ಹಕ್ಕಿಗಳು ಸೌರ ಮತ್ತು ಗಾಳಿವಿದ್ಯುತ್ತನ್ನು ಸಾಗಿಸುವ ತಂತಿಗಳಿಗೆ ಬಡಿದು ಸಾಯುತ್ತಿರುವ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ತಂತಿಗಳನ್ನು ಭೂಮಿಯೊಳಗೆ ಹಾಯಿಸಬೇಕೆಂದು 2021ರ ಏಪ್ರಿಲಿನಲ್ಲಿ ನ್ಯಾಯಾಲಯ ಆದೇಶಿಸಿತು. 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಯೊಂದಕ್ಕೆ ವಿಷಯವನ್ನು ಒಪ್ಪಿಸಿತು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಹಕ್ಕಿಯೂ ಇದೇ. ಹೊಗೆಯಿಲ್ಲದ ವಿದ್ಯುತ್ತು ಹಿಂಸೆಯಿಲ್ಲದ ವಿದ್ಯುತ್ತೆಂದು ತಾನಾಗಿಯೇ ಸಿದ್ಧವಾಗುವುದಿಲ್ಲ. ಯಂತ್ರ ಎಲ್ಲಿ ನಿಂತಿದೆ, ತಂತಿ ಎಲ್ಲಿ ಹಾಯುತ್ತದೆ ಎಂಬುದನ್ನೂ ವಿಚಾರಿಸಬೇಕು. ಈ ವಿಚಾರಣೆಯನ್ನು ತೆರಿಗೆಯ ಕಾನೂನು ಮಾಡಲಾರದು. ಹಣ ಹೂಡುವವನೇ ಮಾಡಬೇಕು.

ದ್ರವ್ಯ ಮತ್ತು ಭಾವ

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈಗ ಮರಳೋಣ. ತೆರಿಗೆ ಉಳಿಯಲೆಂದು ಮಾಡಿದ ಸತ್ಕಾರ್ಯಕ್ಕೆ ಬೆಲೆಯಿದೆಯೇ? ಕ್ರಿಯೆಯನ್ನು ದ್ರವ್ಯ, ಭಾವ ಎಂದು ಎರಡು ಬಗೆಯಾಗಿ ನೋಡುವ ಪರಿಪಾಠ ನಮ್ಮವರಿಗೆ ಹೊಸದಲ್ಲ. ರಾಜ್ಯಕ್ಕೆ ಭಾವವನ್ನು ಅಳೆಯುವ ಮಾಪಕವಿಲ್ಲ. ಅಳೆಯಲು ಹೊರಡುವುದೂ ತರವಲ್ಲ. ಲೋಭಿಯ ಯಂತ್ರದಿಂದ ಹುಟ್ಟಿದ ವಿದ್ಯುತ್ತೂ ತ್ಯಾಗಿಯ ಯಂತ್ರದಿಂದ ಹುಟ್ಟಿದ ವಿದ್ಯುತ್ತೂ ಒಂದೇ ಪ್ರಮಾಣದ ಕಲ್ಲಿದ್ದಲನ್ನು ಉಳಿಸುತ್ತವೆ. ಆದುದರಿಂದ ರಾಜ್ಯವು ದ್ರವ್ಯವನ್ನೇ, ಎಂದರೆ ಹೊರಗೆ ಕಾಣುವ ಫಲವನ್ನೇ ಅಳೆಯಬೇಕು. ಕ್ಯಾಲಿಫೋರ್ನಿಯ ಮತ್ತು ಮುಪ್ಪಂದಲುಗಳಲ್ಲಿ ಅದು ಫಲವನ್ನೂ ಅಳೆಯಲಿಲ್ಲ, ಭಾವವನ್ನೂ ಅಳೆಯಲಿಲ್ಲ. ರಸೀದಿಯನ್ನು ಮಾತ್ರ ನೋಡಿತು. ತಪ್ಪಾದದ್ದು ಅಲ್ಲಿ.

ಆದರೆ ವ್ಯಕ್ತಿಯ ಮಟ್ಟಿಗೆ ಭಾವದ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ರಿಯಾಯಿತಿ ಪಡೆಯುವುದು ಅಪರಾಧವಲ್ಲ. ಕಾನೂನು ಕೊಟ್ಟದ್ದನ್ನು ಸ್ವೀಕರಿಸುವುದರಲ್ಲಿ ಸಂಕೋಚವೂ ಬೇಕಿಲ್ಲ. ಕೆರೆ ಕಟ್ಟಿದ ಹಿರಿಯರು ಕೊಡಗೆಯನ್ನು ಬೇಡವೆನ್ನಲಿಲ್ಲ. ಆದರೆ ಸ್ವೀಕರಿಸಿದ ಕ್ಷಣದಿಂದ ಅದು ನಮ್ಮ ಹಣವಲ್ಲ, ನಮ್ಮ ಕೈಯಲ್ಲಿಟ್ಟ ಸಾರ್ವಜನಿಕರ ಹಣ. ಸವಕಳಿ ಮುಗಿದ ಮೇಲೂ ಯಂತ್ರವನ್ನು ಎಣ್ಣೆ ಹಾಕಿ ಕಾಯುವವನು ಆ ಋಣವನ್ನು ತೀರಿಸುತ್ತಾನೆ. ಪರಿಶೀಲನೆಯ ಅಧಿಕಾರಿ ಬರುವ ದಿನ ಮಾತ್ರ ಕೊಳೆನೀರಿನ ಯಂತ್ರವನ್ನು ನಡೆಸಿ ಉಳಿದ ದಿನಗಳಲ್ಲಿ ವಿದ್ಯುತ್ತಿನ ಖರ್ಚೆಂದು ನಿಲ್ಲಿಸುವವನು ಕಾನೂನಿನ ಲೆಕ್ಕದಲ್ಲಿ ಹೇಗಾದರೂ ಇರಲಿ, ಅಚೌರ್ಯದ ಲೆಕ್ಕದಲ್ಲಿ ಉತ್ತೀರ್ಣನಾಗಲಾರ. ಅವನು ನೀರನ್ನು ಕೆಡಿಸಿದ್ದಲ್ಲದೆ, ಕೆಡಿಸದಿರುವುದಕ್ಕೆಂದು ಕೊಟ್ಟ ಹಣವನ್ನೂ ಇಟ್ಟುಕೊಂಡಿದ್ದಾನೆ.

ಈ ಮಾತು ಉದ್ಯಮಿಗಳಿಗೆ ಮಾತ್ರ ಅನ್ವಯಿಸುವುದಿಲ್ಲ. ನಮ್ಮ ದೇವಾಲಯಗಳ, ಬಸದಿಗಳ, ವಿದ್ಯಾಸಂಸ್ಥೆಗಳ ಟ್ರಸ್ಟುಗಳೂ ತೆರಿಗೆ ವಿನಾಯಿತಿಯ ಆಸರೆಯಲ್ಲೇ ನಡೆಯುತ್ತಿವೆ. 1961ರ ಆದಾಯ ತೆರಿಗೆ ಕಾಯಿದೆಯ ವಿಧಿಗಳು ಟ್ರಸ್ಟಿನ ಆದಾಯದಲ್ಲಿ ಸಾಮಾನ್ಯವಾಗಿ ಶೇ. 85ನ್ನು ಅದರ ಉದ್ದೇಶಕ್ಕೇ ವಿನಿಯೋಗಿಸಬೇಕೆಂದು ಹೇಳಿದುದು ಇದೇ ಕಾರಣಕ್ಕೆ. ಧರ್ಮಾರ್ಥ ಉದ್ದೇಶವೆಂಬ ಪದದ ಅರ್ಥವಿವರಣೆಗೆ 2009ರಲ್ಲಿ ತಂದ ತಿದ್ದುಪಡಿಯು ಜಲಾನಯನ, ಅರಣ್ಯ, ವನ್ಯಜೀವಿಗಳ ಸಹಿತವಾದ ಪರಿಸರ ಸಂರಕ್ಷಣೆಯನ್ನೂ ಅದರಲ್ಲಿ ಸ್ಪಷ್ಟವಾಗಿ ಸೇರಿಸಿತು. ಬಸದಿಯ ಕಲ್ಯಾಣಿಯ ಹೂಳೆತ್ತುವುದು, ಊರ ಕೆರೆಯ ಕಾಲುವೆಯನ್ನು ತೆರವುಮಾಡುವುದು, ಯಾತ್ರಿನಿವಾಸದ ಕೊಳೆನೀರನ್ನು ಶುದ್ಧೀಕರಿಸುವುದು ಇವೆಲ್ಲ ಟ್ರಸ್ಟಿನ ಹೊರಗಿನ ಕೆಲಸಗಳೆಂದು ಭಾವಿಸುವ ಕಾರಣವಿಲ್ಲ. ಬೆಳ್ಗೊಳವೆಂಬ ಹೆಸರೇ ಬಿಳಿಯ ಕೊಳವೆಂಬ ಅರ್ಥದ್ದು. ಕ್ಷೇತ್ರಕ್ಕೆ ಹೆಸರು ಬಂದದ್ದು ನೀರಿನಿಂದ.

ಟ್ರಸ್ಟುಗಳ ವಾರ್ಷಿಕ ವರದಿಗಳಲ್ಲಿ, ಉದ್ಯಮಗಳ ಲೆಕ್ಕಪತ್ರಗಳಲ್ಲಿ ಇಷ್ಟು ಖರ್ಚಾಯಿತು, ಇಷ್ಟು ತೆರಿಗೆ ಉಳಿಯಿತು ಎಂಬ ಸಾಲುಗಳು ತಪ್ಪದೆ ಇರುತ್ತವೆ. ಅವುಗಳ ಕೆಳಗೆ ಇಷ್ಟು ಯೂನಿಟ್ ವಿದ್ಯುತ್ತು ಹುಟ್ಟಿತು, ಇಷ್ಟು ನೀರು ಶುದ್ಧವಾಯಿತು, ನೆಟ್ಟ ಸಸಿಗಳಲ್ಲಿ ಇಷ್ಟು ಮೂರನೆಯ ಬೇಸಗೆಯನ್ನು ದಾಟಿದವು ಎಂಬ ಸಾಲನ್ನೂ ಸೇರಿಸುವ ಪದ್ಧತಿ ನಮ್ಮಲ್ಲಿ ಬೆಳೆಯಬೇಕು. ಯಾವ ಕಾನೂನೂ ಇದನ್ನು ಕೇಳದಿದ್ದರೂ ಸರಿಯೇ. ಕೊಡಗೆಯ ಗದ್ದೆಗೆ ತೆರಿಗೆಯಿರಲಿಲ್ಲ. ಆದರೆ ಕೆರೆಯಲ್ಲಿ ನೀರಿದೆಯೇ ಎಂದು ಏರಿಯ ಮೇಲೆ ಹೋಗಿ ನೋಡಿ ಬರುವ ಕೆಲಸ ಅದರ ಒಡೆಯನಿಗೆ ಪ್ರತಿ ಮಳೆಗಾಲವೂ ಇತ್ತು.